ಲೈವ್‌ಗೆ ರೀಟೇಕ್ ಇಲ್ಲ ಗುರು

ನಾನು ಮತ್ತು ನನ್ನ ಕಾಲೇಜು ಗೆಳತಿ ಸೇರಿ ಜರಗನಹಳ್ಳಿಯಲ್ಲಿ ಒಂದು ಪುಟ್ಟ ಸ್ಟುಡಿಯೋ ನಡೆಸ್ತೀವಿ. ವೆಬಿನಾರು, ಆನ್‌ಲೈನ್ ಪಾಠ, ಕಂಪನಿ ಮೀಟಿಂಗು, ಹೊಸ ಸಾಮಾನಿನ ಬಿಡುಗಡೆ, ಏನೇ ಇರಲಿ, ಟಿವಿಯಲ್ಲಿ ಬಂದಷ್ಟೇ ಚೆಂದವಾಗಿ ಇಂಟರ್‌ನೆಟ್‌ನಲ್ಲಿ ನೇರಪ್ರಸಾರ ಮಾಡೋದು ನಮ್ಮ ಕೆಲಸ. ಕ್ಯಾಮೆರಾ ಅವಳದು, ಸೌಂಡು, ಕಂಪ್ಯೂಟರು ನನ್ನದು. "ಮೂರು, ಎರಡು, ಒಂದು" ಅಂತ ಎಣಿಸಿ ಬಟನ್ ಒತ್ತೋವಾಗ ಇವತ್ತಿಗೂ ನನ್ನ ಎದೆ ತಮಟೆ ಬಾರಿಸುತ್ತೆ. ಒತ್ತಿದ ಮೇಲೆ ಏನಾದರೊಂದು ಆಗೇ ಆಗುತ್ತೆ. ಏನೂ ಆಗದ ದಿನ ನಮಗೇ ಅನುಮಾನ, ನಿಜವಾಗ್ಲೂ ಲೈವ್ ಹೋಯ್ತಾ ಅಂತ.

ಕೋಳಿ ಫಾರಂ

ಶುರುವಿನಲ್ಲಿ ನಮ್ಮ ರೂಮಿನಲ್ಲಿ ಮಾತಾಡಿದರೆ ಬಾವಿಯೊಳಗೆ ಮಾತಾಡಿದ ಹಾಗಿತ್ತು. ಪ್ರತಿಧ್ವನಿ ಕಡಿಮೆ ಮಾಡೋಕೆ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಬಾಗಿಲಿಗೆ ದಪ್ಪ ಕಂಬಳಿ ಇಳಿಬಿಟ್ಟೆವು. ಟ್ರೇಗಳ ಕೊನೇ ಗುಡ್ಡೆ ಮೆಟ್ಟಿಲು ಹತ್ತೋದನ್ನ ಕೆಳಗಿನ ಮನೆಯಲ್ಲಿರೋ ಬಿಲ್ಡಿಂಗ್ ಓನರ್ ನೋಡಿಬಿಟ್ಟರು. ಅವರದು ಜರಗನಹಳ್ಳಿಯ ಹಳೇ ಕುಟುಂಬ, ಈಗ ಕಟ್ಟಡ ನಿಂತಿರೋ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದವರು. ಏದುಸಿರು ಬಿಡ್ತಾ ಮೇಲೆ ಬಂದರು.

"ಏನ್ರಮ್ಮಾ, ವಿಡಿಯೋ ಅಂದ್ರಿ, ಕೋಳಿ ಸಾಕೋಕೆ ಹೊರಟಿದ್ದೀರಲ್ಲ! ಕರಾರಿನಲ್ಲಿ ಕೋಳಿ ಇಲ್ಲ."

"ಕೋಳಿ ಅಲ್ಲ ಅಂಕಲ್, ಸೌಂಡಿಗೆ. ಒಂದ್ಸಲ ಒಳಗೆ ಬಂದು ಕೂಗಿ ನೋಡಿ."

ಬಾಗಿಲು ಹಾಕಿದೆವು. ಅವರು ರೂಮಿನ ನಡುವೆ ನಿಂತು "ಹೋಯ್" ಅಂದರು. ದನಿ ವಾಪಸ್ ಬರಲಿಲ್ಲ. ಚಪ್ಪಾಳೆ ಹೊಡೆದರು. ಅದೂ ಬರಲಿಲ್ಲ. ಖುಷಿಯಾಗಿ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಬಾಗಿಲು ದಬಾರಂತ ತೆರೀತು. ಅವರ ಹೆಂಡತಿ!

"ಹತ್ತು ನಿಮಿಷದಿಂದ ಹೊರಗಡೆ ನಿಂತು ಕೂಗ್ತಾ ಇದೀನಿ. ಕಿವಿ ಕೇಳಿಸಲ್ವಾ?"

ಓನರ್ ಎದ್ದು ಹೊರಟವರು ನನ್ನ ಪಕ್ಕ ಬಂದಾಗ ಮೆತ್ತಗೆ ಅಂದರು: "ಮಿಕ್ಕ ಟ್ರೇ ಬಿಸಾಕಬೇಡಿ ಕಣಮ್ಮಾ. ಕೆಳಗೆ ನನ್ನ ರೂಮಿಗೂ ಬಡಿದುಕೊಡಿ."

ಹಸಿರು ಸೀರೆ

ಜಯನಗರದ ನಿವೃತ್ತ ಗಣಿತ ಮೇಡಂ ಒಬ್ಬರು ಆನ್‌ಲೈನ್ ಪಾಠ ಮಾಡೋಕೆ ನಮ್ಮಲ್ಲಿಗೆ ಬಂದರು. ಅವರ ಹಿಂದೆ ಹಸಿರು ಪರದೆ ಕಟ್ಟೋದು, ಆ ಹಸಿರು ಇರೋ ಕಡೆಯೆಲ್ಲ ಕಂಪ್ಯೂಟರ್ ಕರಿಹಲಗೆಯ ಚಿತ್ರ ತುಂಬೋದು ಅಂತ ಪ್ಲಾನು. ಸೀರೆ ಯಾವ ಬಣ್ಣದ್ದು ಉಡಬಾರದು ಅಂತ ಹೇಳೋದನ್ನ ನಾನು ಮರೆತಿದ್ದೆ. ಮೇಡಂ ಬಂದರು, ಗಿಳಿ ಹಸಿರು ರೇಷ್ಮೆ ಸೀರೆ, ಅದೇ ಬಣ್ಣದ ರವಿಕೆ, ಕೆಂಪು ಅಂಚು.

ಮಾನಿಟರ್ ಹಾಕಿದ್ರೆ ಒಂದು ತಲೆ, ಎರಡು ಕೈ, ಗಾಳಿಯಲ್ಲಿ ತೇಲೋ ಕೆಂಪು ಅಂಚು. ಉಳಿದ ಜಾಗದಲ್ಲೆಲ್ಲ ಕರಿಹಲಗೆ ಮೇಲಿನ ಪೈಥಾಗೊರಸ್ ಪ್ರಮೇಯ.

ಗೆಳತಿ ಕ್ಯಾಮೆರಾ ಹಿಂದೆ ಬಗ್ಗಿ ನಗು ತಡೀತಿದ್ದಳು. ನಾನು ನಾಚಿಕೊಂಡು ಕ್ಷಮೆ ಕೇಳಿದೆ. ಮೇಡಂ ಕನ್ನಡಕ ಏರಿಸಿ ಮಾನಿಟರ್ ನೋಡಿದರು.

"ಮೂವತ್ತು ವರ್ಷ ನಾನು ಪಾಠ ಮಾಡ್ತಿದ್ದಾಗ ಮಕ್ಕಳು ನಾನು ಎದುರಿಗಿಲ್ಲವೇ ಇಲ್ಲ ಅನ್ನೋ ಹಾಗೆ ನೋಡ್ತಿದ್ರು," ಅಂದರು. "ಅವರಿಗೆ ಏನು ಕಾಣಿಸ್ತಿತ್ತು ಅಂತ ಇವತ್ತು ಗೊತ್ತಾಯ್ತು."

ಹಲ್ವಾ

ಇದು ಪೂರ್ತಿ ನನ್ನದೇ ತಪ್ಪು, ಒಪ್ಕೋತೀನಿ. ಸಕ್ಕರೆ ಕಾಯಿಲೆ ಬಗ್ಗೆ ಜೆ.ಪಿ. ನಗರದ ಡಾಕ್ಟರೊಬ್ಬರ ವೆಬಿನಾರು, ಅವರ ಮನೆಯಿಂದಲೇ. ಊರೂರಿನಿಂದ ಜನ ಆನ್‌ಲೈನ್‌ನಲ್ಲಿ ಸೇರಿದ್ದರು. ನೋಡೋರ ಸಂಖ್ಯೆ ಏರೋದನ್ನ ಕಂಡು ನಾನು ಕುರ್ಚಿಯಲ್ಲೇ ಕುಣೀತಿದ್ದೆ. ಡಾಕ್ಟರು ಅನ್ನ ಕಡಿಮೆ ಮಾಡಿ, ನಾಲಿಗೆ ಗೆದ್ದವನು ಲೋಕ ಗೆದ್ದ ಅಂತೆಲ್ಲ ಸಖತ್ತಾಗಿ ಹೇಳಿ, ಹತ್ತು ನಿಮಿಷ ವಿರಾಮ ಅಂದು ಅಡುಗೆಮನೆಗೆ ಹೋದರು. ನಾನು ಪರದೆ ಮೇಲೆ ವೀಣೆಯ ಚಿತ್ರ ಹಾಕಿದೆ. ಡಾಕ್ಟರ ಕಾಲರಿನ ಮೈಕ್ ಆಫ್ ಮಾಡಲಿಲ್ಲ.

ವೀಣೆಯ ಚಿತ್ರದಿಂದ ದನಿ ಬಂತು: "ಆಹಾ, ಬಾದಾಮಿ ಹಲ್ವಾ! ಇನ್ನೊಂದು ಪೀಸ್ ಹಾಕಮ್ಮಾ. ಆ ತುಪ್ಪ ಸುರೀತಿರೋ ಕಡೆಯದು."

ಗೆಳತಿ ಓಡಿಬಂದು ನನ್ನ ತಲೆಗೆ ಒಂದು ಮೊಟಕಿ ಮೈಕ್ ಆಫ್ ಮಾಡಿದಳು. ಮರ್ಯಾದೆ ಹೋಯ್ತು, ಇನ್ನು ಈ ಡಾಕ್ಟರು ನಮ್ಮನ್ನ ಹತ್ತಿರಕ್ಕೂ ಸೇರಿಸಲ್ಲ ಅಂದುಕೊಂಡೆ. ವಿರಾಮ ಮುಗೀತು. ಏನೂ ಗೊತ್ತಿಲ್ಲದ ಡಾಕ್ಟರು ಬಾಯಿ ಒರೆಸಿಕೊಂಡು ಬಂದು ಕೂತು, "ಈಗ ನಿಮ್ಮ ಪ್ರಶ್ನೆಗಳು" ಅಂದರು.

ನೂರಾರು ಪ್ರಶ್ನೆ ಬಂದಿದ್ದವು. ಮೊದಲನೆಯದನ್ನ ಅವರೇ ಗಟ್ಟಿಯಾಗಿ ಓದಿದರು: "ಡಾಕ್ಟ್ರೇ, ಆ ಹಲ್ವಾ ಯಾವ ಅಂಗಡೀದು?"

ಕಂಪನಿಯ ಆಸ್ತಿ

ಸುದ್ದಗುಂಟೆಪಾಳ್ಯದ ಒಂದು ಆಫೀಸು. ದೊಡ್ಡ ಸಾಹೇಬರು ಎಲ್ಲ ಶಾಖೆಯವರಿಗೂ ಲೈವ್ ಭಾಷಣ ಮಾಡ್ತಿದ್ದರು. ಸೆಖೆ ಅಂತ ನಮಗೆ ಹೇಳದೆ ಯಾರೋ ಕಿಟಕಿ ತೆಗೆದಿದ್ದರು. ಸಾಹೇಬರು ಕೈ ಎತ್ತಿ ಕೇಳಿದರು: "ನಮ್ಮ ಕಂಪನಿಯ ನಿಜವಾದ ಆಸ್ತಿ ಯಾವುದು, ಗೊತ್ತಾ?" ಎಲ್ಲರೂ ಯೋಚಿಸಲಿ ಅಂತ ಒಂದು ಗಳಿಗೆ ಸುಮ್ಮನಾದರು.

ಅಷ್ಟು ಹೊತ್ತಿಗೆ ಸರಿಯಾಗಿ ಕೆಳಗೆ ರಸ್ತೆಯಲ್ಲಿ ಗುಜರಿ ಗಾಡಿಯ ಸ್ಪೀಕರು: "ಹಳೇ ಪೇಪರ್! ಹಳೇ ಕಬ್ಬಿಣ! ಒಡೆದ ಪ್ಲಾಸ್ಟಿಕ್!"

ಚಾಟ್‌ನಲ್ಲಿ ಒಬ್ಬ ಉದ್ಯೋಗಿ ಬರೆದ: "ಕರೆಕ್ಟ್ ಸಾರ್. ಒಂದ್ಸಲ ನನ್ನ ಲ್ಯಾಪ್‌ಟಾಪ್ ಬಂದು ನೋಡಿ."

ಅಜ್ಜಿಯ ಗ್ಯಾರಂಟಿ

ಬನಶಂಕರಿಯಲ್ಲಿ ಪಾತ್ರೆ ವ್ಯಾಪಾರ ಮಾಡೋ ಯಜಮಾನರೊಬ್ಬರು ತಮ್ಮದೇ ಹೆಸರಿನಲ್ಲಿ ಪ್ರೆಶರ್ ಕುಕ್ಕರ್ ತಂದರು. ಮೂಲ ಹಾವೇರಿ ಕಡೆಯವರು. ರಾಜ್ಯದ ಎಲ್ಲ ಕಡೆಯ ಅಂಗಡಿಯವರಿಗೆ ಆನ್‌ಲೈನ್‌ನಲ್ಲೇ ಅದರ ಬಿಡುಗಡೆ. ನಮಗೆ ಅಲ್ಲಿವರೆಗಿನ ಅತಿ ದೊಡ್ಡ ಕೆಲಸ. ಮೂರು ಕ್ಯಾಮೆರಾ, ಎರಡು ಇಂಟರ್‌ನೆಟ್ ಲೈನು, ಕರೆಂಟ್ ಹೋದರೆ ಅಂತ ಯುಪಿಎಸ್ಸು. ಖುಷಿಗೆ ನಮ್ಮಿಬ್ಬರಿಗೂ ತಿಂಡಿಯೇ ಸೇರಿರಲಿಲ್ಲ.

ಶುರುವಾಗೋಕೆ ಐದು ನಿಮಿಷ ಇರುವಾಗ ನಿರೂಪಕಿಯ ಫೋನು: "ಅರೆಕೆರೆ ಹತ್ರ ಸಿಕ್ಕಾಕೊಂಡಿದೀನಿ. ಗಾಡಿ ಒಂದಿಂಚೂ ಅಲ್ಲಾಡ್ತಿಲ್ಲ."

"ನಾನೇ ಮಾಡ್ತೀನಿ ಬಿಡಿ," ಅಂದರು ಯಜಮಾನರು. ಬಟನ್ ಒತ್ತಿದೆ. ಅಕ್ಕಿ, ನೀರು ಹಾಕಿ ಕುಕ್ಕರ್ ಇಟ್ಟರು. ಮೂರು ವಿಶಲ್ ಚೆನ್ನಾಗೇ ಕೂಗಿತು. "ನೋಡಿ, ಮಲ್ಲಿಗೆಯಂಥ ಅನ್ನ!" ಅಂತ ಒಲೆ ಆರಿಸಿ ಮುಚ್ಚಳಕ್ಕೆ ಕೈ ಹಾಕಿದರು. ಬರಲಿಲ್ಲ. ಜೋರಾಗಿ ಎಳೆದರು, ಊಹೂಂ. ಹಣೆಯಿಂದ ಬೆವರು ಇಳಿಯೋದು ಕ್ಲೋಸಪ್ಪಿನಲ್ಲಿ ಫಳಫಳ ಹೊಳೀತು. ಚಾಟ್‌ನಲ್ಲಿ ಯಾರೋ "ಫೆವಿಕಾಲ್ ಹಾಕಿದ್ದೀರಾ ಸಾರ್?" ಅಂತ ಬರೆದೂ ಆಯ್ತು. ಯಜಮಾನರು ಅಳೋದೊಂದೇ ಬಾಕಿ.

ಮಗನ ಸಮಾರಂಭ ನೋಡೋಕೆ ಮೂಲೆಯಲ್ಲಿ ಕೂತಿದ್ದ ಅವರ ತಾಯಿ ಎದ್ದರು. ಸೆರಗು ಹೊದ್ದು, ಹಣೆ ತುಂಬ ವಿಭೂತಿ. ಸೀದಾ ಕ್ಯಾಮೆರಾ ಮುಂದೆ ಬಂದು ಮಗನ ಕೈ ಮೇಲೆ ಒಂದು ಏಟು ಹಾಕಿದರು.

"ಏಯ್, ಬಿಡು! ಒಳಗ ಹವಾ ಐತಿ. ಹವಾ ಇದ್ದಾಗ ತೆರದ್ರ ಅದು ಕುಕ್ಕರಲ್ಲ, ಬಾಂಬು." ಆಮೇಲೆ ಕ್ಯಾಮೆರಾ ಕಡೆ ತಿರುಗಿ, "ಭಾಳ ಚಲೋ ಕುಕ್ಕರ್ ಐತ್ರಿ. ಇವನಕಿಂತ ಶಾಣ್ಯಾ ಐತಿ."

"ಕಟ್ ಮಾಡ್ಲಾ?" ಅಂದೆ ನಾನು. "ಮುಟ್ಟಿದ್ರೆ ಸಾಯಿಸ್ತೀನಿ!" ಅಂದಳು ಗೆಳತಿ. ಮೂರೂ ಕ್ಯಾಮೆರಾ ಅಜ್ಜಿ ಕಡೆ ತಿರುಗಿದವು.

ಹವಾ ಇಳೀತು. ಅಜ್ಜಿ ಎರಡು ಬೆರಳಲ್ಲಿ ಮುಚ್ಚಳ ತೆಗೆದರು. ಅನ್ನ ನಿಜವಾಗ್ಲೂ ಮಲ್ಲಿಗೆ! ಚಾಟ್ ಉಕ್ಕಿ ಹರೀತು. "ಅಜ್ಜಿ, ಬ್ಯಾಳಿಗೆ ಎಷ್ಟು ವಿಶಲ್?" "ಅಜ್ಜಿ, ತಳ ಹಿಡಿಯುತ್ತಾ?" ನಾನು ಗಟ್ಟಿಯಾಗಿ ಓದ್ತಾ ಹೋದೆ, ಅಜ್ಜಿ ತಡವರಿಸದೆ ಉತ್ತರ ಕೊಡ್ತಾ ಹೋದರು. ಅಷ್ಟರಲ್ಲಿ ದಾವಣಗೆರೆಯ ಅಂಗಡಿಯವರೊಬ್ಬರು ಕೇಳಿದರು: "ಅಜ್ಜಿ, ನಿಮ್ಮ ಮಗ ಐದು ವರ್ಷ ಗ್ಯಾರಂಟಿ ಅಂತಾರೆ. ನಂಬಬಹುದಾ?"

ಯಜಮಾನರು ಗಾಬರಿಯಾಗಿ ತಾಯಿಯ ಮುಖ ನೋಡಿದರು. ಅಜ್ಜಿ ಮೈಕಿಗೆ ಬಾಯಿ ಹತ್ತಿಸಿ ನಿಧಾನವಾಗಿ ಹೇಳಿದರು:

"ಕುಕ್ಕರಿಗೆ ಇವ ಗ್ಯಾರಂಟಿ. ಇವಗ ನಾ ಗ್ಯಾರಂಟಿ. ನನಗ ಎಂಬತ್ತೊಂದು ಮುಗದಾವ. ಲಗೂನ ತಗೊಂಬಿಡ್ರಿ."