ಸತ್ತ ಡಾಕ್ಟರುಗಳಿಗೆ ಉತ್ತರ ಬರೆಯುವ ನಮ್ಮ ಭಾವ

ನಮ್ಮ ಭಾವನ ಸ್ನೇಹಿತರಲ್ಲಿ ಜೀವಂತ ಇರುವವರು ಒಬ್ಬರೂ ಇಲ್ಲ. ಹಾಗಂತ ಮರುಗಬೇಡಿ! ಅವರ ಆಪ್ತರೆಲ್ಲ ಇವರು ಹುಟ್ಟುವ ಮೊದಲೇ ತೀರಿಕೊಂಡವರು.

ಭಾವ ಎಂದರೆ ನನ್ನ ಗಂಡನ ಅಣ್ಣ. ಯಸಳೂರಿನಲ್ಲಿ ಡಾಕ್ಟರಾಗಿದ್ದವರು, ಈಗ ನಮ್ಮ ಮನೆಯಲ್ಲೇ ಇದ್ದಾರೆ. ಹುಟ್ಟುವಾಗಲೇ ಹೃದಯದಲ್ಲಿ ದೋಷವಿದ್ದ ಕೂಸುಗಳ ಬಗ್ಗೆ ಹಿಂದಿನ ಕಾಲದ ವೈದ್ಯರು ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳ ಪ್ರತಿ ತರಿಸಿ ಓದುತ್ತಾರೆ. ಓದಿದರೆ ಓದಲಿ, ಉತ್ತರವನ್ನೂ ಬರೆಯುತ್ತಾರೆ! ಪಿನ್ ಕೋಡ್ ಏನು ಹಾಕುತ್ತೀರಿ ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಒಂದು ಬೆಳಿಗ್ಗೆ ಮುಖ ಇಳಿಬಿಟ್ಟುಕೊಂಡು, "ಪಾಪ, ಅವನ ಕೈಲಿ ಆ ಮಗೂನೂ ಉಳೀಲಿಲ್ಲ" ಅಂದರು. ಕಾಫಿಗೆ ಬಂದಿದ್ದ ಪಕ್ಕದ ಎಸ್ಟೇಟಿನಾಕೆ ಕಣ್ಣಿಗೆ ಸೆರಗೊತ್ತಿಕೊಂಡು, ಮಣ್ಣು ಎಷ್ಟೊತ್ತಿಗೆ ಎಂದು ಕೇಳಿದರು. ಆ ಮಗು ಹೋಗಿ ಇನ್ನೂರು ವರ್ಷವಾಯಿತೆಂದು ಯಾವ ಬಾಯಲ್ಲಿ ಹೇಳಲಿ? ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ತೊಟ್ಟಿಲು ಶಾಸ್ತ್ರಕ್ಕೆ ಕರೆದುಕೊಂಡು ಹೋದರಂತೂ ಕೇಳಬೇಡಿ. ಎಲ್ಲರೂ ಮಗುವಿನ ಮುಷ್ಟಿಗೆ ನೋಟು ಇಟ್ಟರೆ ಇವರು ಮುಷ್ಟಿ ಬಿಡಿಸಿ ಉಗುರಿನ ಬಣ್ಣ ನೋಡುತ್ತಾರೆ, ಎದೆಗೆ ಕಿವಿ ಹಚ್ಚುತ್ತಾರೆ. ಹೆಗ್ಗದ್ದೆಯಲ್ಲಿ ಒಬ್ಬ ಅಜ್ಜಿ, "ಡಾಕ್ಟ್ರೇ, ಹೆಸರಿಡಕ್ಕೆ ಕರೆದಿದ್ದು ಕಣ್ರೀ. ದನದ ಸಂತೇಲಿ ನೋಡ್ದಂಗೆ ನೋಡ್ತೀರಲ್ಲ" ಅಂದುಬಿಟ್ಟಳು.

ಅದಕ್ಕೇ ಈ ವರ್ಷ ನನ್ನ ಮಗಳ ಕೂಸಿಗೆ ಹೆಸರಿಡುವಾಗ ಅಪ್ಪಣೆ ಮಾಡಿದೆ: ಭಾವ ಜಗಲಿಯಲ್ಲೇ ಕೂರಬೇಕು, ಮಗುವನ್ನು ಮುಟ್ಟಬಾರದು. ತೆಪ್ಪಗೆ ಕೂತರು.

ಬಾಣಂತನ ನನ್ನದಲ್ಲವೇ? ಎಣ್ಣೆನೀರು, ಸಾಂಬ್ರಾಣಿ ಹೊಗೆ, ಹಾಲು, ಎಲ್ಲ ಗಡಿಯಾರದಂತೆ. ಕೂಸು ನಾಲ್ಕು ಗುಟುಕು ಕುಡಿದು ಸದ್ದಿಲ್ಲದೆ ಮಲಗುತ್ತಿತ್ತು. ತಿಂಗಳೊಳಗೇ ಶಿಸ್ತು ಕಲಿಸಿದ್ದೇನೆಂದು ಬೀಗರ ಎದುರು ಬೀಗಿದೆ. ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುತ್ತದೆ ಎಂದು ಮಗಳು ಮೆಲ್ಲಗೆ ಹೇಳಿದಳು. ಕುಲಾವಿ ಬಿಗಿಯಾಗಿದೆ ಅಷ್ಟೆ ಎಂದು ಬಾಯಿ ಮುಚ್ಚಿಸಿದೆ.

ಆ ಮಾತು ಕಿವಿಗೆ ಬಿದ್ದದ್ದೇ ಜಗಲಿಯಿಂದ ಭಾವ ಎದ್ದು ಒಳಗೇ ಬಂದುಬಿಟ್ಟರು.

"ಭಾವ, ಬೀಗರ ಮುಂದೆ ಮಾನ ಕಳೀಬೇಡಿ."

"ಅಳಲ್ಲ, ಬಲು ಸಾಧು ಮಗು ಅಂತ ಆ ಉಳೀದೆ ಹೋದ ಮಗು ಮನೆಯೋರೂ ಹೊಗಳ್ತಿದ್ರಂತೆ ಕಣಮ್ಮ. ಆ ಡಾಕ್ಟ್ರು ಕಾಗದದಲ್ಲಿ ಬರೆದವ್ನೆ. ಅದಕ್ಕೆ ಅಳಕ್ಕೆ ಶಕ್ತಿ ಇರಲಿಲ್ಲ."

ಎದೆಗೆ ಕಿವಿಯಿಟ್ಟು ಕೇಳಿದರು. ಆಮೇಲೆ ಕಾರು ತೆಗೆಯಲು ಹೇಳಿದರು. ಊಟದ ಎಲೆಗಳು ಹಾಗೇ ಉಳಿದವು.

ಹೃದಯದಲ್ಲಿ ದೊಡ್ಡ ತೂತು. ಆಪರೇಷನ್ ಆಯಿತು. ಈಗ ಮೊಮ್ಮಗಳು ಹೊತ್ತುಗೊತ್ತಿಲ್ಲದೆ ಹಾಲಿಗೆ ಕಿರುಚುತ್ತಾಳೆ. ಯಾರಾದರೂ "ಎಷ್ಟು ಅಳ್ತಾಳಪ್ಪ" ಎಂದರೆ ನನಗೆ ಮುಖವೆತ್ತಲು ಆಗುವುದಿಲ್ಲ.

ಮೊನ್ನೆ ನಾನೇ ಅವಳನ್ನು ಭಾವನ ತೊಡೆಯ ಮೇಲೆ ಹಾಕಿದೆ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಎತ್ತಿಕೊಂಡರು. ಎದೆಗೆ ಕಿವಿಯಿಟ್ಟವರು ತೆಗೆಯಲೇ ಇಲ್ಲ.

"ಭಾವ, ಮತ್ತೆ ಏನಾದರೂ...?"

"ಏನಿಲ್ಲ ಕಣಮ್ಮ, ಚೆನ್ನಾಗೈತೆ" ಅಂದರು, ಕಣ್ಣು ಮುಚ್ಚಿಕೊಂಡೇ. "ಸುಮ್ನೆ ಕೇಳ್ತಾ ಇವ್ನಿ."