ಹತ್ತೊಂಬತ್ತನೇ ನಂಬರು

ಸಮಾಜಶಾಸ್ತ್ರ ಓದಿದವರ ಹಣೆಬರಹವೇ ಇಷ್ಟು. ಜನರನ್ನು ಅಧ್ಯಯನ ಮಾಡೋಕೆ ಅಂತ ನಾವು ಪೆನ್ನು ಪುಸ್ತಕ ಹಿಡಿದು ಹೋಗ್ತೀವಿ. ಅವರು ಕಾಫಿ ಕೊಟ್ಟು, ಮದುವೆ ಆಗಿದೆಯಾ ಅಂತ ಕೇಳಿ, ನಮ್ಮನ್ನೇ ಅಧ್ಯಯನ ಮಾಡಿ ಕಳಿಸ್ತಾರೆ. ತೊಂಬತ್ತರ ದಶಕದಲ್ಲಿ ಪಿಎಚ್.ಡಿ.ಗೆ ಅಂತ ನಾನು ಚಾಮರಾಜಪೇಟೆಯ ಒಂದು ಮಹಿಳಾ ಭಜನಾ ಮಂಡಳಿಗೆ ಒಂದು ವರ್ಷ ಪ್ರತಿ ಶುಕ್ರವಾರ ಹೋಗಿದ್ದೆ. ಆ ಶುಕ್ರವಾರಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತೆ, ಅದರ ಹಿಂದೆಯೇ ನಾಚಿಕೆಯೂ ಬರುತ್ತೆ.

ಹಾಜರಿ

ನನ್ನ ಗೈಡ್ ದೊಡ್ಡ ಪ್ರೊಫೆಸರು. ಧರ್ಮವನ್ನು ದೇವರ ಕೋಣೆಯಲ್ಲಿ ಹುಡುಕಬೇಡ, ಸಂಸ್ಥೆಯಲ್ಲಿ ಹುಡುಕು, ಜನ ಅದರ ಬಗ್ಗೆ ಹೇಗೆ ಮಾತಾಡ್ತಾರೆ ಅನ್ನೋದರಲ್ಲಿ ಹುಡುಕು ಅನ್ನೋರು. ಹಾಗೆ ಆಡುವ ಮಾತಿಗೆ ಅವರು ಇಟ್ಟ ಹೆಸರು ಸಂಕಥನ. ಇನ್ನೊಂದು ಕಟ್ಟಪ್ಪಣೆಯೂ ಇತ್ತು: ದೂರ ಕೂತು ನೋಡಬೇಕು, ಅವರಲ್ಲಿ ಒಬ್ಬಳಾಗಿಬಿಡಬಾರದು.

ಮಂಡಳಿಯ ಕಾರ್ಯದರ್ಶಿ ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಅರವತ್ತು ದಾಟಿದ ಹೆಂಗಸರೂ ಅವರನ್ನು ಮಿಸ್ ಅಂತಲೇ ಕರೀತಿದ್ರು. ದೇವಸ್ಥಾನದ ಹಿಂದಿನ ಹಾಲ್‌ನಲ್ಲಿ ಜಮಖಾನ ಹಾಸಿ, ದೀಪ ಹಚ್ಚಿ, ಮೊದಲು ಹಾಜರಿ. ನಂಬರ್ ಕೂಗಿದಾಗ ‘ಪ್ರೆಸೆಂಟ್ ಮಿಸ್’ ಅನ್ನಬೇಕು, ಗಣಪತಿ ಹಾಡು ಆಮೇಲೆ. ಮೊದಲನೇ ದಿನವೇ ನನಗೆ ಹತ್ತೊಂಬತ್ತನೇ ನಂಬರು ಕೊಟ್ಟರು. ನಾನು ಬರೀ ನೋಡೋಕೆ ಬಂದವಳು, ಹೆಸರು ಬೇಡ ಅಂದೆ. ಜಮಖಾನದ ಮೇಲೆ ಕೂತವರೆಲ್ಲ ರಿಜಿಸ್ಟರಲ್ಲಿ ಇರಲೇಬೇಕು ಅಂದರು. ನನ್ನ ನಂಬರ್ ಬಂದಾಗ ಗೈಡ್ ಹೇಳಿದ್ದು ನೆನಪಾಗಿ ನಾನು ಬಾಯಿ ಬಿಡಲಿಲ್ಲ. ಮಿಸ್ ಕನ್ನಡಕದ ಮೇಲಿಂದ ನನ್ನನ್ನೇ ನೋಡ್ತಾ ಮೂರು ಸಲ ನಂಬರ್ ಕೂಗಿದರು, ಆಮೇಲೆ ‘ಗೈರು’ ಅಂತ ಬರೆದರು. ಇಡೀ ವರ್ಷ ಇದೇ ಆಯ್ತು.

ಪ್ರಸಾದ ಹಂಚುವಾಗ ಮಾತ್ರ ನನ್ನ ಮುಂದೆ ನಿಂತು ಹೇಳೋರು, "ಗೈರುಹಾಜರಾದವರಿಗೂ ಕೋಸಂಬರಿ ಇದೆ. ಕೈ ಚಾಚಮ್ಮ."

ಪ್ರಶ್ನಾವಳಿ

ಒಂದು ಶುಕ್ರವಾರ ಪ್ರಶ್ನಾವಳಿ ಹಂಚಿದೆ. ಹತ್ತು ಪ್ರಶ್ನೆ. ಮನೆಗೆ ತಗೊಂಡು ಹೋಗಿ ನಿಧಾನವಾಗಿ ತುಂಬಿ ಅಂದೆ. ಮಿಸ್ ಕೇಳಬೇಕಲ್ಲ. ಎಲ್ಲರನ್ನೂ ಜಮಖಾನದ ಮೇಲೆ ಮಾರು ದೂರ ಕೂರಿಸಿ, ಅರ್ಧ ಗಂಟೆ ಟೈಮ್ ಕೊಟ್ಟು, ಸಾಲುಗಳ ಮಧ್ಯೆ ಓಡಾಡಿದರು. ರಿಜಿಸ್ಟರಲ್ಲಿ ಇರೋ ಕಾರಣಕ್ಕೆ ನಾನೂ ಬರೀಬೇಕಾಯ್ತು. ಕೊನೆಗೆ ಮಿಸ್ ಎಲ್ಲ ಹಾಳೆಗಳನ್ನೂ ಮನೆಗೆ ಹೊತ್ತುಕೊಂಡು ಹೋಗಿ, ಮುಂದಿನ ವಾರ ಕೆಂಪು ಇಂಕಿನಲ್ಲಿ ತಿದ್ದಿ, ಮಾರ್ಕ್ಸ್ ಹಾಕಿ ತಂದರು. ನನ್ನ ಒಂದು ತಿಂಗಳ ಕೆಲಸ ಕೈಬಿಟ್ಟು ಹೋಯ್ತು.

‘ದೇವರನ್ನು ನಂಬುತ್ತೀರಾ’ ಅನ್ನೋ ಪ್ರಶ್ನೆಗೆ ಹೆಚ್ಚುಕಮ್ಮಿ ಎಲ್ಲರೂ ‘ಪೂರ್ತಿ’ ಅಂತ ಬರೆದಿದ್ರು. ಆ ಜಾಗ ಖಾಲಿ ಬಿಟ್ಟಿದ್ದ ನನಗೆ ಹತ್ತಕ್ಕೆ ನಾಲ್ಕು. ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟವರ ಮನೆಯಾಕೆ ಒಬ್ಬರಿದ್ದರು, ಕೋಸಂಬರಿಗೆ ಬೇಳೆ ಅವರದೇ. ಅವರು ಮಾತ್ರ, ಮಕ್ಕಳ ಪರೀಕ್ಷೆ ಟೈಮಲ್ಲಿ ಪೂರ್ತಿ, ಮಿಕ್ಕಿದ ಟೈಮಲ್ಲಿ ಸ್ವಲ್ಪ ಅಂತ ಬರೆದಿದ್ರು. ಅವರಿಗೆ ಹತ್ತಕ್ಕೆ ಹತ್ತು ಬಿದ್ದಿತ್ತು. ಉಳಿದವರು ಮುಖ ಊದಿಸಿಕೊಂಡು ಇದ್ಯಾವ ನ್ಯಾಯ ಅಂತ ಕೇಳಿದ್ದಕ್ಕೆ ಮಿಸ್ ಅಂದರು, "ಇಡೀ ಕ್ಲಾಸಲ್ಲಿ ಕಾಪಿ ಹೊಡೆಯದೇ ಬರೆದೋಳು ಇವಳೊಬ್ಬಳೇ."

ಟೇಪ್ ರೆಕಾರ್ಡರು

ಸಂಕಥನ ಹಿಡಿಯೋಕೆ ಅಂತ ಟೇಪ್ ರೆಕಾರ್ಡರ್ ಇಟ್ಟೆ. ಅವತ್ತೇ ಬೇಳೆ ಮಂಡಿಯಾಕೆ ದೇವರನಾಮವನ್ನು ಹೊಸ ಸಿನಿಮಾ ಹಾಡಿನ ಧಾಟಿಯಲ್ಲಿ ಎತ್ತಿಕೊಂಡರು. ಮಿಸ್ ನಿಲ್ಲಿಸಿಬಿಟ್ಟರು. ನಾನು ಒಳಗೊಳಗೇ ಕುಣಿದೆ, ನನಗೆ ಬೇಕಾಗಿದ್ದ ಜಗಳವೇ ಅದು. ಅಷ್ಟರಲ್ಲಿ ಯಾರೋ, ಮನೆ ವಿಷಯ ಇದೆ, ಅದನ್ನ ಆರಿಸಮ್ಮ ಅಂದರು. ಆರಿಸಿದೆ. ದೇವರಿಗೆ ಧಾಟಿ ಮುಖ್ಯವೋ ಮಾತು ಮುಖ್ಯವೋ ಅಂತ ಒಂದು ಗಂಟೆ ಜಗಳ ಆಯ್ತು. ಈ ಧಾಟಿಯಲ್ಲಾದರೆ ನನ್ನ ಮಕ್ಕಳೂ ಹಾಡ್ತಾರೆ ಮಿಸ್ ಅಂತ ಬೇಳೆ ಮಂಡಿಯಾಕೆ ಕಣ್ಣಲ್ಲಿ ನೀರು ಹಾಕಿಕೊಂಡ ಮೇಲೆ ಮಿಸ್, ಸರಿ ಹಾಡಿ ಅಂದರು. ಎಲ್ಲರೂ ಅದೇ ಧಾಟಿಯಲ್ಲಿ ಹಾಡಿದರು. ನಾನೂ ಪುಸ್ತಕ ಮುಚ್ಚಿಟ್ಟು ಮೆಲ್ಲಗೆ ಹಾಡಿದೆ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಹಾಡಿರಲಿಲ್ಲ.

ಹಾಡು ಮುಗಿದ ಮೇಲೆ, ಈಗ ಟೇಪ್ ಆನ್ ಮಾಡಮ್ಮ ಅಂದರು. ಮಿಸ್ ರೇಡಿಯೋದಲ್ಲಿ ವಾರ್ತೆ ಓದೋ ಹಾಗೆ, ನಮ್ಮ ಮಂಡಳಿಯಲ್ಲಿ ಯಾವುದೇ ಭಿನ್ನಾಭಿಪ್ರಾಯ ಇರುವುದಿಲ್ಲ ಅಂದರು. ಗೈಡ್ ಅದನ್ನು ಎರಡು ಸಲ ಕೇಳಿಸಿಕೊಂಡು, ‘ಒಮ್ಮತ’ ಅಂತ ಒಂದು ಅಧ್ಯಾಯವನ್ನೇ ಬರೆಸಿದರು.

ರಜೆ

ಕೊನೇ ಶುಕ್ರವಾರ ‘ಪ್ರೆಸೆಂಟ್ ಮಿಸ್’ ಅಂದೇಬಿಡೋಣ ಅಂತ ಹೋಗಿದ್ದೆ. ನಂಬರ್ ಕೂಗಿದರು. ನಾನು ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಗೀಚಿದೆ, ಅವತ್ತೂ ಗೈರು ಬಿತ್ತು. ಡಿಗ್ರಿ ಸಿಕ್ಕಿತು, ದೂರದ ಊರಲ್ಲಿ ಪಾಠ ಹೇಳೋ ಕೆಲಸ ಸಿಕ್ಕಿತು. ಅಲ್ಲೂ ಭಜನೆ ಇತ್ತು, ಕೋಸಂಬರಿ ಇತ್ತು. ನಂಬರ್ ಕೂಗೋರು ಇರಲಿಲ್ಲ. ಪ್ರತಿ ಶುಕ್ರವಾರ ಸಂಜೆ ಆಗ್ತಿದ್ದ ಹಾಗೆ ಮನಸ್ಸು ಚಾಮರಾಜಪೇಟೆಗೆ ಹೊರಟುಬಿಡೋದು.

ಏಳು ವರ್ಷ ಆದ ಮೇಲೆ ಒಂದು ಶುಕ್ರವಾರ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ನೇರವಾಗಿ ಅಲ್ಲಿಗೇ ಹೋದೆ. ಜಮಖಾನದ ಮೇಲೆ ಏಳೋ ಎಂಟೋ ಜನ. ಮಿಸ್ ಭೂತಗನ್ನಡಿ ಹಿಡಿದು ಹಾಜರಿ ಕೂಗ್ತಿದ್ರು. ನಾನು ಹಿಂದೆ ಕೂತೆ. ಹದಿನೇಳು, ಹದಿನೆಂಟು, ಆಮೇಲೆ ಹತ್ತೊಂಬತ್ತು. ನನ್ನ ನಂಬರ್ ಇನ್ನೂ ಇತ್ತು.

"ಪ್ರೆಸೆಂಟ್ ಮಿಸ್," ಅಂದೆ.

ಮಿಸ್ ತಲೆ ಎತ್ತಿ ನೋಡಿದರು. ಗುರುತು ಸಿಕ್ಕಿತು, ಆದರೂ ಪೆನ್ನು ಎತ್ತಲಿಲ್ಲ. ರಜಾ ಚೀಟಿ ಎಲ್ಲಿ ಅಂತ ಕೇಳಿದರು. ರಿಜಿಸ್ಟರ್ ತಿರುಗಿಸಿ ತೋರಿಸಿದರು. ಹಳೇದನ್ನೂ ತರಿಸಿ ತೋರಿಸಿದರು. ನಾನು ಹೋದ ಮಾರನೇ ವಾರದಿಂದ ನನ್ನ ಹೆಸರಿನ ಮುಂದೆ ರಜೆ, ರಜೆ, ರಜೆ. ನಾನು ಎದುರಿಗೇ ಕೂತಿದ್ದಾಗೆಲ್ಲ ಗೈರು ಬರೆದು ಈಗ ಯಾಕೆ ರಜೆ ಅಂತ ಕೇಳಿದೆ.

"ಗೈರು ಅಂದ್ರೆ ಬಂದಿಲ್ಲ ಅಂತ. ರಜೆ ಅಂದ್ರೆ ವಾಪಸ್ ಬರ್ತಾಳೆ ಅಂತ."

ಕಣ್ಣು ಒರೆಸಿಕೊಂಡು ಚೀಟಿ ಬರೆದೆ. ಕಾರಣ: ಅಧ್ಯಯನದ ನಿಮಿತ್ತ. ಮಿಸ್ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿದರು. ಅಧ್ಯಯನ ಮಾಡಿದ್ದು ಇಲ್ಲಿ, ಬಿಟ್ಟು ಹೋಗಿದ್ದು ಯಾಕೆ ಅಂತ ಬರಿ ಅಂದರು. ಎರಡು ಸಲ ಏನೋ ಬರೆದು ನಾನೇ ಹೊಡೆದು ಹಾಕಿದೆ. ಕೊನೆಗೆ, ‘ಬುದ್ಧಿ ಇರಲಿಲ್ಲ’ ಅಂತ ಬರೆದೆ.

ಮಿಸ್ ಭೂತಗನ್ನಡಿ ಇಟ್ಟುಕೊಂಡು ಓದಿದರು. ಹತ್ತಕ್ಕೆ ಹತ್ತು ಹಾಕಿದರು.

"ಕಾಪಿ ಹೊಡೆದಿಲ್ಲ ಅಂತ ನೋಡಿದ್ರೇ ಗೊತ್ತಾಗತ್ತೆ," ಅಂದರು.