ಮಿಡತೆ ಕೋಟು ಬಿಡಿಸಿದ್ದು

ಒಂದೇ ವಾರ! ಏಳೇ ಏಳು ದಿನ! ಅಷ್ಟರೊಳಗೆ ನನ್ನ ಮಗಳ ಹತ್ತೂ ಬೆರಳುಗಳನ್ನು ಗಡಿಯಾರ ರಿಪೇರಿ ಮಾಡುವಷ್ಟು ಚುರುಕು ಮಾಡದಿದ್ದರೆ ನನ್ನ ಹೆಸರೇ ಬದಲಾಯಿಸಿಬಿಡು ಎಂದು ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದೆ.

"ಇರೋ ಹೆಸರು ಹಿಡಿದು ಕರೆದ್ರೇ ನೀವು ಬರಲ್ಲ. ಬದಲಾಯಿಸಿ ನಾನೇನ್ ಮಾಡ್ಲಿ?" ಎಂದಳು ಹೆಂಡತಿ.

ವಿಷಯ ಇಷ್ಟೇ. ನಮ್ಮ ಐದು ವರ್ಷದ ಮಗಳು ಕೂತಲ್ಲಿ ಕೂರುವವಳಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮಿಡತೆ. ಈ ಮಿಡತೆ ಪೆನ್ಸಿಲನ್ನು ಸೌಟಿನ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. "ಬೆರಳಲ್ಲಿ ಇನ್ನೂ ಬಲ ಬಂದಿಲ್ಲ. ಮನೇಲೇ ಸಣ್ಣಪುಟ್ಟ ಕೆಲಸ ಮಾಡಿಸಿ" ಎಂದಿದ್ದರು ಅವಳ ಟೀಚರ್. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ದಿನಕ್ಕೆ ನೂರು ಪುಟದಷ್ಟು ಊರವರ ತಪ್ಪು ತಿದ್ದುವವನಿಗೆ ಹೆತ್ತ ಮಗಳ ಬೆರಳು ತಿದ್ದುವುದು ಯಾವ ಮಹಾ ಕೆಲಸ? ವಾರ ಪೂರ್ತಿ ರಜ ಹಾಕಿಯೇಬಿಟ್ಟೆ!

"ರೀ, ಈ ವಾರ ಮಾತ್ರ ಬೇಡ" ಎಂದು ಗೋಗರೆದಳು ಹೆಂಡತಿ. ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಅಂಗಡಿ. "ಶನಿವಾರ ಐದು ಗಂಟೆಗೆ ಬ್ಯಾಂಡ್ ಮೇಷ್ಟ್ರಿಗೆ ಕೋಟು ಕೊಡ್ಬೇಕು. ಅದು ಒಪ್ಪಿಗೆ ಆದ್ರೆ ಇಡೀ ಬ್ಯಾಂಡಿನ ಹನ್ನೆರಡು ಕೋಟೂ ನನಗೇ ಅಂದಿದಾರೆ. ಇಂಥ ಒಂದು ಕೆಲಸಕ್ಕೆ ಎಷ್ಟು ವರ್ಷದಿಂದ ಕಾದಿದೀನಿ ಗೊತ್ತಾ?"

"ನಿನ್ನ ಕೋಟಿಗೂ ನನ್ನ ಪಾಠಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ?" ಎಂದೆ.

ಸೋಮವಾರ ಮಿಡತೆಯ ಮುಂದೆ ಹಸಿ ಬಟಾಣಿ ಸುರಿದೆ. "ಬಿಡಿಸು ಮಗಳೇ, ಬಿಡಿಸು!" ಅವಳು ಬಿಡಿಸಿದಳು. ಹತ್ತು ಕಾಳಿನಲ್ಲಿ ಒಂದು ಬಟ್ಟಲಿಗೆ ಬಿತ್ತು, ಒಂಬತ್ತು ಸೋಫಾದಡಿ ಸೇರಿದವು. ನಾನು ಹೊಟ್ಟೆಯ ಮೇಲೆ ತೆವಳಿ ಎಲ್ಲವನ್ನೂ ಹೆಕ್ಕಿ ತಂದೆ. ಮಾರನೆಯ ದಿನ ಹಗ್ಗಕ್ಕೆ ಗಂಟು ಹಾಕಿ ಕೊಟ್ಟೆ. "ಗಂಟು ಬಿಡಿಸು!" ಅದನ್ನೂ ಬಿಡಿಸಿದಳು. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒತ್ತಿ ಒತ್ತಿ ಮೊದಲು ತಂತಿಗೆ, ಆಮೇಲೆ ಪರದೆಗೆ, ಕೊನೆಗೆ ನಿದ್ದೆ ಹೋಗಿದ್ದ ನನ್ನ ಎರಡೂ ಕಿವಿಗೆ ಸಿಕ್ಕಿಸಿದಳು! ಶುಕ್ರವಾರದ ಹೊತ್ತಿಗೆ ನಮ್ಮ ಮನೆಯಲ್ಲಿ ಮುಚ್ಚಳ ತಿರುಚದ ಡಬ್ಬಿ ಒಂದೂ ಉಳಿದಿರಲಿಲ್ಲ. ಬೆರಳು ತೋರಿಸಿದರೆ ಹಸ್ತ ನುಂಗುವ ಮಗು! ನನಗಂತೂ ಆನಂದವೋ ಆನಂದ.

ಶನಿವಾರ ಕೊನೆಯ ಪರೀಕ್ಷೆ: ಪೆನ್ಸಿಲ್ಲು! ಅದೇ ಹೊತ್ತಿಗೆ ಹೆಂಡತಿಯ ದಾರ ಮುಗಿಯಬೇಕೇ? ಕೋಟು ಅಂಗಡಿಯ ಆಳೆತ್ತರದ ಗೊಂಬೆಯ ಮೇಲೆ ನಿಂತಿತ್ತು. ತೋಳು, ಕಾಲರು, ಇಪ್ಪತ್ನಾಲ್ಕು ಹಿತ್ತಾಳೆ ಗುಂಡಿ ಎಲ್ಲವೂ ಕಚ್ಚಾ ಹೊಲಿಗೆಯಲ್ಲಿ ಜೋತಾಡುತ್ತಿದ್ದವು. ಗಟ್ಟಿ ಹೊಲಿಗೆ ಬೀಳುವುದೊಂದೇ ಬಾಕಿ.

"ಅರ್ಧ ಗಂಟೇಲಿ ದಾರ ತರ್ತೀನಿ. ಕೋಟು ಮುಟ್ಟಿದ್ರೆ ನೋಡಿ!"

"ನಾನ್ಯಾಕೆ ಮುಟ್ಲಿ?"

ನಾನು ಮುಟ್ಟಲಿಲ್ಲ. ದೇವರಾಣೆಗೂ ಮುಟ್ಟಲಿಲ್ಲ! ಮಿಡತೆಯ ಕೈಗೆ ಪೆನ್ಸಿಲ್ಲು, ಬಿಳಿ ಹಾಳೆ ಕೊಟ್ಟು ಕೋಟಿನ ಎದುರು ಕೂರಿಸಿದೆ.

"ನೋಡು ಪುಟ್ಟಾ, ಆ ಕೋಟು ಬಿಡಿಸು. ತೋಳು, ಕಾಲರು, ಎಲ್ಲಾ ಬರ್ಬೇಕು. ಒಂದು ಗುಂಡೀನೂ ಬಿಡ್ಬಾರ್ದು!"

"ಎಲ್ಲಾನೂ ಬಿಡಿಸ್ಲಾ ಅಪ್ಪಾ?"

"ಎಲ್ಲಾನೂ!"

ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಅದರ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಾ ಕೂತೆ. ಮುಂದಿನ ಕೋಣೆಯಿಂದ ಸದ್ದೇ ಇಲ್ಲ. ಆಹಾ, ಎಂಥ ಏಕಾಗ್ರತೆ!

"ಅಪ್ಪಾ, ಬಿಡಿಸಾಯ್ತು!"

ಓಡಿದೆ. ಹಾಳೆ ಹಾಲಿನಷ್ಟು ಬಿಳಿ. ಗೊಂಬೆ ಬೆತ್ತಲೆ. ಒಂದು ತೋಳು ಕುರ್ಚಿಯ ಮೇಲೆ, ಇನ್ನೊಂದು ನೆಲದ ಮೇಲೆ, ಕಾಲರು ಮಿಡತೆಯ ಕೊರಳಲ್ಲಿ! ನೆಲದ ಮೇಲೆ ಗುಂಡಿಗಳು ಸಾಲಾಗಿ ಕೂತಿದ್ದವು.

"ಎಣಿಸು ಅಪ್ಪಾ! ಒಂದೂ ಬಿಟ್ಟಿಲ್ಲ!" ಎನ್ನುತ್ತಾ ಕೊನೆಯ ದಾರದ ತುಣುಕನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸರ್ರನೆ ಎಳೆದಳು. ಟೀಚರ್ ಹೇಳಿದ ಹಿಡಿತವೆಂದರೆ ಅದೇ! ಚಪ್ಪಾಳೆ ತಟ್ಟಲೋ, ತಲೆ ಚಚ್ಚಿಕೊಳ್ಳಲೋ ತಿಳಿಯದೆ ನಿಂತೆ. ಬಾಗಿಲು ತೆರೆಯಿತು.

"ಕೋಟೆಲ್ಲಿ?"

"ಬಿಡಿಸಿದಾಳೆ."

"ಯಾರು ಹೇಳಿದ್ದು?"

"ನಾನೇ. ಅಂದ್ರೆ, ಚಿತ್ರ ಬಿಡಿಸು ಅಂತ..."

"ಅಪ್ಪ ಚಿತ್ರ ಅನ್ಲೇ ಇಲ್ಲ!" ಎಂದಳು ಮಿಡತೆ.

ಅನ್ನಲಿಲ್ಲ, ನಿಜ. ಊರವರ ಕರಡಿನಲ್ಲಿ ಬಿಟ್ಟುಹೋದ ಒತ್ತಕ್ಷರ ಹುಡುಕುವ ಮಹಾಶಯ ಇಡೀ ಪದವನ್ನೇ ಬಿಟ್ಟಿದ್ದ! ಹೆಂಡತಿ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನೆಲದ ಮೇಲೆ ಕೂತು ತೋಳನ್ನು ಮಡಿಲಿಗೆ ಎಳೆದುಕೊಂಡು "ಹನ್ನೆರಡು ಕೋಟೂ ಹೋಯ್ತು" ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇನ್ನೂ ಎರಡು ಗಂಟೆ ಇದೆ, ಎದ್ದೇಳೇ! ಮೂರು ಜನ ಇದೀವಿ!" ಎಂದು ಕೂಗಿದೆ.

ಅವಳು ಕಣ್ಣೊರೆಸಿಕೊಂಡು ಮಿಷನ್ನಿಗೆ ಕೂತಳು. ಗುಂಡಿ ಖಾತೆ ನನಗೆ. ಸೂಜಿಯ ಕಣ್ಣಿಗೆ ದಾರ ಪೋಣಿಸಲು ಹೋದರೆ ದಾರ ಎಡಕ್ಕೆ, ಸೂಜಿ ಬಲಕ್ಕೆ, ನಾಲಿಗೆ ಹೊರಕ್ಕೆ! ಮಿಡತೆ ಸೂಜಿ ಕಿತ್ತುಕೊಂಡು ಒಂದೇ ಏಟಿಗೆ ಪೋಣಿಸಿ ಕೊಟ್ಟಳು. ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿದೆ, ಚುಚ್ಚಿಸಿಕೊಂಡೆ, ಮತ್ತೆ ಹೊಲಿದೆ. ಇಪ್ಪತ್ಮೂರು... ಇಪ್ಪತ್ನಾಲ್ಕು! ಸರಿಯಾಗಿ ಐದು ಗಂಟೆಗೆ ಬ್ಯಾಂಡ್ ಮೇಷ್ಟ್ರು ಮೀಸೆ ತಿರುವುತ್ತಾ ಒಳಗೆ ಬಂದರು.

"ತಗೊಳ್ಳಿ ಸಾರ್!" ಎಂದು ಹೆಂಡತಿ ಹೆಮ್ಮೆಯಿಂದ ಕೋಟು ಎತ್ತಿದಳು. ಕೋಟಿನ ಜೊತೆ ನನ್ನ ಪ್ಯಾಂಟೂ ಎದ್ದಿತು. ಪ್ಯಾಂಟಿನ ಜೊತೆ ನಾನೂ ಎದ್ದೆ! ಕೊನೆಯ ಗುಂಡಿ ಕೋಟನ್ನೂ ನನ್ನ ತೊಡೆಯ ಮೇಲಿನ ಬಟ್ಟೆಯನ್ನೂ ಒಂದು ಮಾಡಿತ್ತು.

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ಹೇಳಿದ್ದು ಕೋಟು ಮಾತ್ರ ಕಣಮ್ಮ. ಪ್ಯಾಂಟು ನನ್ನ ಹತ್ರ ಇದೆ."

ಮಿಡತೆ ನುಗ್ಗಿ ಬಂದು ಎರಡು ಬೆರಳಲ್ಲಿ ದಾರ ಹಿಡಿದು ಎಳೆದಳು. ನಾನು ಬಿಡುಗಡೆಯಾದೆ. ಹೆಂಡತಿ ಆ ಗುಂಡಿಯನ್ನು ಎರಡೇ ನಿಮಿಷದಲ್ಲಿ ಹೊಲಿದು ಕೊಟ್ಟಳು. ಮೇಷ್ಟ್ರು ಕೋಟು ತೊಟ್ಟು ಕನ್ನಡಿಯೆದುರು ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಎದೆ ಉಬ್ಬಿಸಿದರು.

"ಹನ್ನೆರಡೂ ನಿಮಗೇ" ಎಂದರು. "ಆದ್ರೆ ಒಂದು ಷರತ್ತು. ಅವು ಮುಗಿಯೋವರೆಗೂ ಇವರು ಮನೇಲಿರ್ಬಾರ್ದು."

ಹೆಂಡತಿ ಒಳಗೆ ಹೋಗಿ ನನ್ನ ಚಪ್ಪಲಿ ತಂದು ಬಾಗಿಲ ಬಳಿ ಜೋಡಿಸಿಟ್ಟಳು.

"ಈಗ್ಲೇನಾ?" ಎಂದೆ.

"ಪ್ರೆಸ್ಸು ಆರು ಗಂಟೆವರೆಗೂ ತೆಗೆದಿರುತ್ತಲ್ಲಾ, ಹೊರಡಿ!"